ಮುಗಿಯದ ಮೇಳದಲ್ಲಿ ಬೆಳೆದವಳು

ನಮ್ಮ ಮನೆಯಲ್ಲಿ ಮೊಸರು ಆಗಬೇಕಾದರೆ ಗಡಿಗೆಯನ್ನು ಹಿತ್ತಿಲಿಗೆ ಒಯ್ದು ಇಡಬೇಕು. ಮುಂದಿನ ಪಡಸಾಲೆಯಲ್ಲಿ ಇಟ್ಟರೆ ಹೆಪ್ಪು ಹಾಕಿದ ಹಾಲು ಸಂಜೆಯವರೆಗೂ ಹಾಲಾಗಿಯೇ ಇರುತ್ತದೆ. ಹಗ್ಗದ ಆಚೆ ಜನ ನಿಂತು ನೋಡುತ್ತಿರುತ್ತಾರಲ್ಲ. ಟಿಕೆಟ್ ಕೊಂಡವರ ಕಣ್ಣು ಬಿದ್ದದ್ದು ಈ ಊರಿನಲ್ಲಿ ಹುಳಿಯುವುದಿಲ್ಲ, ಉಬ್ಬುವುದಿಲ್ಲ, ಬೆಳೆಯುವುದಿಲ್ಲ, ಹಳತಾಗುವುದಿಲ್ಲ. ನಾನು ಸೊಸೆಯಾಗಿ ಈ ಮನೆಗೆ ಬಂದ ದಿನ ಅತ್ತೆ ತಿರಕವ್ವ ಹೇಳಿಕೊಟ್ಟ ಮೊದಲ ಪಾಠವೇ ಇದು. "ದ್ವಾಸಿ ಹಿಟ್ಟು ಹಿಂದ ಇಡು. ಉಪ್ಪಿನಕಾಯಿ ಭರಣಿ ಹಿಂದ ಇಡು. ಮುಂದ ಬರೇ ನಕ್ಕೋತ ಕುಂದ್ರು, ಅಷ್ಟ."

ನಕ್ಕೊಂಡು ಕೂತೆ. ನನ್ನ ಒಲೆ ಜನರ ಎದುರಿಗೇ ಇದೆ. ಹಾಗಾಗಿ ನನ್ನ ಮುಖ, ಕೈಗಳು ಮದುವೆಯ ವರ್ಷದಲ್ಲಿ ಇದ್ದ ಹಾಗೇ ಉಳಿದವು. ಬೆನ್ನಿಗೆ, ಮಂಡಿಗೆ ಮಾತ್ರ ವಯಸ್ಸಾಯಿತು. ಮುಂದಿನಿಂದ ನೋಡಿದರೆ ಸೊಸೆ, ಹಿಂದಿನಿಂದ ನೋಡಿದರೆ ಅತ್ತೆ ಎಂದು ಕೇರಿಯ ಹೆಂಗಸರು ನಗುತ್ತಿದ್ದರು. ಅವರದೂ ಅದೇ ಪಾಡು. ನಮ್ಮ ಯಜಮಾನರು ಮಗ್ಗದಲ್ಲಿ ಜನರಿಗೆ ಪಕ್ಕವಾಗಿ ಕೂರುತ್ತಿದ್ದರು. ಬಲಗೆನ್ನೆ ಮದುಮಗನದು, ಎಡಗೆನ್ನೆ ಮುದುಕನದು. ಅವರ ಮುಂದಿದ್ದ ಸೀರೆಯನ್ನು ಹಾಸು ಹೂಡಿ ಶುರುಮಾಡಿದವರು ನನ್ನ ಮಾವ. ದಿನವಿಡೀ ಲಾಳಿ ಓಡಿದರೂ ಅದು ಗೇಣು ದಾಟಲಿಲ್ಲ. ಉಡುವ ಸೀರೆ ನೇಯಲು ಹಿತ್ತಿಲಲ್ಲಿ ಬೇರೆ ಮಗ್ಗವಿತ್ತು. ಮುಂದಿನ ಮಗ್ಗಕ್ಕೆ ಕೂರುವಾಗ ಅವರು "ಹೊಂಟೆ, ನೆಯ್ದಂಗ ಮಾಡಾಕ" ಎಂದು ಹೇಳಿಯೇ ಹೋಗುತ್ತಿದ್ದರು.

ಇದು ಅಮೆರಿಕದ ಊರು. ಹೆಸರು ನಮಗೆ ಗೊತ್ತಿಲ್ಲ. ದೇಶದೇಶದ ವಸ್ತುಗಳನ್ನು, ಜನರನ್ನು ಟಿಕೆಟ್ ಇಟ್ಟು ತೋರಿಸುವ ಇಲ್ಲಿನ ಮೇಳಕ್ಕೆಂದು ನಮ್ಮ ಅಜ್ಜಂದಿರನ್ನು ಹಡಗಿನಿಂದ ಇಳಿಸಿ, ರೈಲು ಹತ್ತಿಸಿ, ಕಿಟಕಿಗೆ ಪರದೆ ಬಿಟ್ಟುಕೊಂಡೇ ಕರೆತಂದರಂತೆ. ಮೇಳದ ಕಥೆಯನ್ನು ಮಾತ್ರ ನಾನು ನಿದ್ದೆಯಲ್ಲೂ ಹೇಳಬಲ್ಲೆ, ಏಕೆಂದರೆ ಮೇಡಮ್ಮ ಅದನ್ನು ದಿನಾ ನಮ್ಮ ಮನೆ ಮುಂದೆ ನಿಂತು ಜನರಿಗೆ ಹೇಳುತ್ತಿದ್ದರು. ಮೇಳದ ಮಹಿಳಾ ಮಂಡಳಿಯವರು ಅವರು, ಹಾಲ್ಡನ್ ಎಂದು ಹೆಸರು, ನಮಗೆ ಮೇಡಮ್ಮ. ಬೆಳ್ಳಗೆ, ತೆಳ್ಳಗೆ, ಕೈಯಲ್ಲಿ ಸದಾ ಒಂದು ಕೊಡೆ. ಕೆಟ್ಟ ಮಾತು ಆಡಿದವರಲ್ಲ.

"ಚಿಕಾಗೊದವರು ಸರೋವರದ ದಂಡೆಯಲ್ಲಿ ಬಿಳಿಯ ಅರಮನೆಗಳ ನಗರವನ್ನೇ ಕಟ್ಟಿದರು," ಎಂದು ಮೇಡಮ್ಮ ಶುರುಮಾಡುತ್ತಿದ್ದರು. "ಗಾರೆ ಮತ್ತು ನಾರಿನ ಅರಮನೆಗಳು. ಮೇಳ ಮುಗಿಯಿತು, ಮರುವರ್ಷ ಬೆಂಕಿ ಬಿತ್ತು. ಅಲ್ಲಿನ ದೈತ್ಯ ಚಕ್ರವನ್ನು ಮುಂದೆ ಸೇಂಟ್ ಲೂಯಿಸ್ ಮೇಳಕ್ಕೆ ಒಯ್ದರು. ಅದೂ ಮುಗಿದ ಮೇಲೆ ಸಿಡಿಮದ್ದು ಇಟ್ಟು ಉರುಳಿಸಿದರು. ಬಫಲೊದ ದೀಪದ ಗೋಪುರ ಈಗ ಇಲ್ಲ. ಆ ಊರುಗಳಲ್ಲಿ ಒಂದು ಕೊಳ, ಒಂದು ಉದ್ಯಾನ, ಹೆಚ್ಚೆಂದರೆ ಒಂದು ಮ್ಯೂಸಿಯಂ ಉಳಿದಿದೆ. ನಮ್ಮ ಮೇಳ ಮಾತ್ರ ಇವತ್ತಿಗೂ ಹೊಸದು! ನೀವು ನೋಡುತ್ತೀರಿ, ಅದಕ್ಕೇ ಇದು ನಿಂತಿದೆ." ಜನ ಚಪ್ಪಾಳೆ ತಟ್ಟುತ್ತಿದ್ದರು.

ಸುಳ್ಳಲ್ಲ. ನಮ್ಮ ಅರಮನೆಗಳೂ ಗಾರೆಯವೇ, ಒಂದು ಬೇಸಿಗೆಗೆಂದು ಕಟ್ಟಿದವು. ಎದುರಿನ ಗೋಡೆಗಳು ಸುಣ್ಣ ಬಳಿದು ಈಗಷ್ಟೇ ಒಣಗಿದಂತಿವೆ. ಹಿಂದಕ್ಕೆ ಹೋಗಿ ನೋಡಿದರೆ ತೊಲೆ ಕೊಳೆತು, ನಾರು ಜೋತುಬಿದ್ದು, ಇಲಿ ಬಿಲ ಮಾಡಿವೆ. ಮೇಡಮ್ಮನ ಮಾತಿನಲ್ಲಿ ಒಂದು ಮಾತ್ರ ಯಾವತ್ತೂ ಬರಲಿಲ್ಲ. ಆ ಊರುಗಳ ಮೇಳಗಳಲ್ಲಿಯೂ ಹಗ್ಗ ಕಟ್ಟಿ ಜನರನ್ನು ಕೂರಿಸಿದ್ದರಂತೆ, ಗುಡಿಸಲು ಹಾಕಿಸಿ, ಅವರವರ ನಾಡಿನ ಬಟ್ಟೆ ಉಡಿಸಿ. ಅರಮನೆ ಸುಟ್ಟದ್ದು ಗೊತ್ತು, ಚಕ್ರ ಉರುಳಿದ್ದು ಗೊತ್ತು. ಹಗ್ಗದ ಒಳಗೆ ಕೂತಿದ್ದವರು ಆಮೇಲೆ ಎಲ್ಲಿಗೆ ಹೋದರು ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ನಮ್ಮ ಕೇರಿಯ ಬಲಕ್ಕೆ ಹಿಮದ ನಾಡಿನವರ ಮನೆ ಇತ್ತು, ಎಡಕ್ಕೆ ಯಾವುದೋ ದ್ವೀಪದವರದು. ಮೇಳ ಮುಗಿದ ದಿನ ಎಲ್ಲರನ್ನೂ ಹಡಗು ಹತ್ತಿಸುತ್ತೇವೆ ಎಂದು ನಮ್ಮ ಅಜ್ಜಂದಿರಿಗೆ ಮಾತು ಕೊಟ್ಟಿದ್ದರು. ಮೇಳವೇ ಮುಗಿಯಲಿಲ್ಲ.

ಪ್ರತಿ ಮನೆಯ ಮೇಲೂ ಒಂದು ಬೋರ್ಡು. ನಮ್ಮದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದು: ನೇಕಾರನ ಮನೆ, ಗಂಡ, ಹೆಂಡತಿ, ಮುದುಕಿ, ಮಗು. ಬೋರ್ಡಿನಲ್ಲಿ ಇದ್ದವರು ಹಗಲು ಹಗ್ಗದೊಳಗೆ ಇರಬೇಕು, ಗೇಟು ದಾಟುವಂತಿಲ್ಲ. ಬೋರ್ಡಿಗೆ ಹೊಂದದವರು ಹೊರಗೆ ಹೋಗಬಹುದು. ಪಕ್ಕದ ಕುಂಬಾರರ ಬೋರ್ಡಿನಲ್ಲಿ ಗಂಡ, ಹೆಂಡತಿ ಅಷ್ಟೇ ಇದ್ದುದರಿಂದ ಲಗಮವ್ವನ ಮಗಳು ಸಕ್ರವ್ವ ಹಿತ್ತಿಲಲ್ಲಿ ಮಣ್ಣು ತುಳಿಯುತ್ತ ಬೆಳೆದು, ಗೇಟಿನ ಆಚೆ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಮಗು ಯಾವಾಗ ಮಗು ಅಲ್ಲ ಎಂಬುದಕ್ಕೆ ಅಳತೆ ಮೇಡಮ್ಮನ ಕೊಡೆ. ವರ್ಷಕ್ಕೊಮ್ಮೆ, ಮೇಳ ಶುರುವಾದ ದಿನದ ಹಬ್ಬಕ್ಕೆ, ಅವರು ಕೊಡೆಯನ್ನು ನೆಲಕ್ಕೆ ಊರಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ತಲೆ ಹಿಡಿಕೆಗಿಂತ ಮೇಲೆ ಬಂದರೆ ಬಿಡುಗಡೆ.

ನನ್ನ ಮಗಳು ಬನವ್ವ ಸಕ್ರವ್ವನ ಓರಗೆಯವಳು. ಸಕ್ರವ್ವನಿಗೆ ಮದುವೆಯ ಮಾತು ನಡೆಯುತ್ತಿದ್ದಾಗ ನನ್ನ ಬನಿಗೆ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಮೇಳಕ್ಕೆ ಭಾನುವಾರ ಒಂದು ದಿನ ರಜೆ. ಆದರೆ ವಾರವಿಡೀ ಬಿದ್ದ ನೋಟ ರಾತ್ರಿ ಮೈ ಬಿಟ್ಟು ಹೋಗುವುದಿಲ್ಲ, ಬಿಸಿಲಿಗೆ ಕಾದ ಬಂಡೆಯ ಹಾಗೆ ಒಳಗೇ ಇರುತ್ತದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆರಿ, ಆಮೇಲೆ ಸಂಜೆಯವರೆಗೆ ಅವಳು ಬೆಳೆದರೆ ಬೆಳೆದಳು. ಮೈ ಹೀಗೆ ನಿಂತಲ್ಲೇ ನಿಂತಿದ್ದರೂ ಬುದ್ಧಿ ಯಾರ ಕಣ್ಣಿಗೂ ಬೀಳುವುದಲ್ಲವಲ್ಲ, ಅದು ತನ್ನ ಪಾಡಿಗೆ ಬೆಳೆಯಿತು. ನಾಲ್ಕು ವರ್ಷದ ಮೈ, ಹದಿನಾರರ ನಾಲಿಗೆ.

ಗುಂಡಗಿನ ಒಬ್ಬ ಸಾಹೇಬ ಹಗ್ಗದ ಮೇಲೆ ಬಾಗಿ ಅವಳಿಗೆ ಮಿಠಾಯಿ ತೋರಿಸುವನು. ಇವಳು ತೊಟ್ಟಿಲಲ್ಲಿ ಎದ್ದು ಕೂತು, ಮುದ್ದಾಗಿ ನಕ್ಕು, ನಮ್ಮ ಮಾತಿನಲ್ಲಿ, "ಏ ಡೊಳ್ಳುಹೊಟ್ಟಿ ಮಾವಾ, ಅದನ್ನ ನೀನ ತಿನ್ನು, ಇನ್ನೊಂದು ಗುಂಡಿ ಹರದು ಬೀಳಲಿ" ಅನ್ನುವಳು. "ಅಯ್ಯೋ, ಎಷ್ಟು ಮುದ್ದು ಮಾತು!" ಎಂದು ಅವನ ಹೆಂಡತಿ ಕೈ ತಟ್ಟುವಳು.

"ಬನಿ, ಬಾಯಿ ಮುಚ್ಚು," ಎಂದು ನಾನು ರೊಟ್ಟಿ ತಟ್ಟುತ್ತಲೇ ಗದರುವೆ.

"ಯಾಕವ್ವಾ? ಮುಚ್ಚಿದ್ರೂ ನೋಡ್ತಾರ, ತೆರದ್ರೂ ನೋಡ್ತಾರ. ಬೈದರ ನನಗರ ಸಮಾಧಾನ."

ಸಕ್ರವ್ವ ಲಾಂಡ್ರಿಯಿಂದ ಬಂದಾಗಲೆಲ್ಲ ಬನಿ ತೊಟ್ಟಿಲಿನ ಅಂಚು ಹಿಡಿದು ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಒಂದು ಸಂಜೆ ಗೇಟು ಮುಚ್ಚಿದ ಮೇಲೆ ನನ್ನ ಮಡಿಲಲ್ಲಿ ಮುಖ ಹುದುಗಿಸಿ, "ಅವ್ವಾ, ನನಗ ದೊಡ್ಡಾಕಿ ಆಗೋದೈತಿ. ಒಂದ ಸಲ. ಹೆಂಗರ ಮಾಡು," ಎಂದಳು. ಎಂದೂ ಅಳದವಳು. ತಲೆ ಸವರಿದೆ. ಆ ತಲೆ ನನ್ನ ಅಂಗೈಯಷ್ಟೇ ಇತ್ತು, ನಾನು ಅದನ್ನು ಮೊದಲ ಸಲ ಬಾಚಿದಾಗ ಇದ್ದಷ್ಟೇ.

ಅಂದಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ತೊಟ್ಟಿಲನ್ನು ಕಂಬದ ಮರೆಗೆ ಸರಿಸಿದೆ. ಮೇಡಮ್ಮ ಬಂದು ನಗುತ್ತ ಮತ್ತೆ ಮುಂದಕ್ಕೆ ಎಳೆದರು. "ಮಕ್ಕಳನ್ನು ನೋಡಲಿಕ್ಕೇ ಅಲ್ಲವೇ ತಾಯಂದಿರು ಬರುವುದು?" ಎಂದರು. ಕಂಬಳಿ ಹೊದಿಸಿದೆ, ಸೆಕೆಯಲ್ಲಿ ಮಗುವಿಗೆ ಹಿಂಸೆ ಎಂದು ತೆಗೆಸಿದರು. ಅರಿವೆಯ ಗೊಂಬೆ ಮಲಗಿಸಿದೆ. ಅರ್ಧ ದಿನವೂ ನಡೆಯಲಿಲ್ಲ. ದಾರಿ ತೋರಿಸಿದ್ದು ಕೊನೆಗೆ ಅತ್ತೆ. ಒಂದು ಭಾನುವಾರ ಬನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತ, "ನಿಮ್ಮ ಬುದ್ಧಿಗೆ ಏನ್ ಬಡೀತೋ! ಕಣ್ಣ ತಾಗಾಕತ್ತೇತಿ ಅಂದ ಮ್ಯಾಲ ಗಲ್ಲಕ್ಕ ಕಪ್ಪ ಹಚ್ಚಬೇಕಿಲ್ಲೋ? ನೋಟ ಕಪ್ಪಿನ ಮ್ಯಾಲ ಬೀಳತೈತಿ, ಕೂಸ ಉಳೀತೈತಿ. ನಮ್ಮ ಹಿರೇರು ಇದನ್ನ ಇಲ್ಲಿ ಬಂದು ಯಾಕ ಬಿಟ್ರೋ," ಎಂದರು.

ಹೌದಲ್ಲ. ಅಷ್ಟೂ ವರ್ಷ ಈ ಜನರ ನೋಟವನ್ನು ನಾವು ಬೇರೆ ಏನೋ ಎಂದುಕೊಂಡಿದ್ದೆವು. ಕಣ್ಣು ಕಣ್ಣೇ ಅಲ್ಲವೇ, ಟಿಕೆಟ್ ಕೊಂಡರೆ ಅದರ ಗುಣ ಬದಲಾಗುತ್ತದೆಯೇ? ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಮಸಿ ಹಿಡಿದು, ಬೆಣ್ಣೆಯಲ್ಲಿ ಕಲೆಸಿ, ಬನಿಯ ಬಲಗೆನ್ನೆಗೆ ಬೊಟ್ಟು ಇಟ್ಟೆ. ಬರುವ ಹಬ್ಬಕ್ಕೆ ಕೊಡೆಯ ಹಿಡಿಕೆ ದಾಟಬೇಕು, ಅಷ್ಟೇ ನನ್ನ ಹರಕೆ.

ಬೊಟ್ಟು ಫಲ ಕೊಟ್ಟಿತು. ಹಗ್ಗದ ಬಳಿ ಬಂದವರ ಕಣ್ಣು ಮೊದಲು ಬೊಟ್ಟಿನ ಮೇಲೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. "ಅದೇನು? ಮಚ್ಚೆಯೇ?" ಎಂದು ಕೇಳಿಕೊಳ್ಳುತ್ತ ಹೋಗುತ್ತಿದ್ದರು. ತಡೆದು ನಿಂತಿದ್ದ ವರ್ಷಗಳೆಲ್ಲ ಒಟ್ಟಿಗೆ ಬಂದಂತೆ ಬನಿಯ ಕಾಲು ತೊಟ್ಟಿಲಿನ ತುದಿ ಮುಟ್ಟಿತು. ಲಂಗ ಮೊಣಕಾಲಿಗೆ ಬಂತು. ಮೊದಲ ಹಲ್ಲು ಬಿದ್ದ ದಿನ ಯಜಮಾನರು ಮುಂದಿನ ಮಗ್ಗ ಬಿಟ್ಟು ಎದ್ದು ಬಂದು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದರು. ಲಗಮವ್ವ ನೋಡಿ, ಬೋರ್ಡಿನಲ್ಲಿ ಇಲ್ಲದಿದ್ದರೂ ಮುಂದಕ್ಕೆ ಓಡಿಬಂದು ಜನರ ಕಣ್ಣಿಗೆ ಬೀಳುತ್ತಿದ್ದ ತನ್ನ ಮೊಮ್ಮಗನಿಗೂ ಹಚ್ಚಿದಳು. ಹಿಮದ ನಾಡಿನ ತಾಯಿ ಸನ್ನೆ ಮಾಡಿ ಕೇಳಿ ಒಯ್ದಳು. ನಾನು ತಟ್ಟೆ ತಟ್ಟೆ ಮಸಿ ಹಿಡಿದು ಹಂಚಿದೆ.

ಬನಿ ಬೆಳೆದಂತೆ ನಾನೂ ಬೊಟ್ಟು ದೊಡ್ಡದು ಮಾಡಿದೆ. ದೊಡ್ಡ ಮೈಗೆ ದೊಡ್ಡ ಬೊಟ್ಟು ಬೇಡವೇ? ಕಾಳಿನಷ್ಟು ಇದ್ದದ್ದು ಕಾಸಿನಷ್ಟಾಯಿತು, ಕಾಸಿನಷ್ಟಿದ್ದದ್ದು ವೀಳ್ಯದೆಲೆಯಷ್ಟು. ಜನ ಹೆಚ್ಚಾದರು. ಆ ವರ್ಷದವರೆಗೆ ನಮ್ಮ ಕೇರಿಗೆ ಬರುವವರು ಕಡಿಮೆಯಾಗುತ್ತ ಬಂದಿದ್ದರು; ಕುಂಬಾರರ ಮುಂದಿನ ಗೋಡೆಯಲ್ಲಿಯೂ ಬಿರುಕು ಕಾಣಿಸಿತ್ತು. ಈಗ ಗೇಟು ತೆರೆದೊಡನೆ ಓಡಿಬಂದು ನಮ್ಮ ಹಗ್ಗ ಹಿಡಿದು ನಿಲ್ಲತೊಡಗಿದರು. ಕಪ್ಪು ಚಂದ್ರನ ಹುಡುಗಿ ಎಂದು ಹೊರಗೆ ಹೆಸರಾಗಿತ್ತಂತೆ. ನಾನು ಹೆದರಲಿಲ್ಲ. ಬರಲಿ, ಬೊಟ್ಟನ್ನೇ ನೋಡುತ್ತಾರಲ್ಲ, ನೋಡಿ ಸಾಯಲಿ ಎಂದುಕೊಂಡೆ.

ಹಬ್ಬಕ್ಕೆ ಮುಂಚಿನ ಭಾನುವಾರ ಅವಳಿಗೆ ಎರೆದೆ. ತೊಟ್ಟಿಲು ಬಿಟ್ಟು ಎಷ್ಟೋ ದಿನವಾಗಿತ್ತು. ನನ್ನ ಹೆಗಲು ಮುಟ್ಟುತ್ತಿದ್ದಳು, ಕೂದಲು ಸೊಂಟಕ್ಕೆ. ಇನ್ನು ಬೊಟ್ಟಿನ ಕೆಲಸ ಮುಗಿಯಿತು ಎಂದು ಸೀಗೆಪುಡಿ ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಎಣ್ಣೆ ಹಚ್ಚಿದೆ, ಬೂದಿ ಹಚ್ಚಿ ತಿಕ್ಕಿದೆ. ಮಸಿ ನಿನ್ನೆ ಇಟ್ಟಂತೆ ಹೊಳೆಯುತ್ತಿತ್ತು. ಆಗ ನನ್ನ ಬೆರಳಿಗೆ ತಿಳಿಯಿತು. ಅವಳ ಎಡಗೆನ್ನೆಯ ಮೂಳೆ ಎದ್ದು, ಚರ್ಮ ಬಿಗಿದು, ಪ್ರಾಯದ ಹುಡುಗಿಯ ಕೆನ್ನೆಯಾಗಿತ್ತು. ಬಲಗೆನ್ನೆ ಬೆಣ್ಣೆಯ ಉಂಡೆಯ ಹಾಗೆ ಮೆತ್ತಗೆ ಉಬ್ಬಿಕೊಂಡು ನಾಲ್ಕು ವರ್ಷದ ಕೂಸಿನದೇ ಆಗಿ ಉಳಿದಿತ್ತು. ಅಷ್ಟೂ ಜನರ ಅಷ್ಟೂ ನೋಟವನ್ನು ಒಂದೇ ಕಡೆ ತಂದು ಸುರಿಸಿದವಳು ನಾನು.

ಬನಿ ನೀರಿನ ಹಂಡೆಯಲ್ಲಿ ಮುಖ ನೋಡಿಕೊಂಡಳು.

"ಇರ್ಲಿ ಬಿಡವ್ವಾ," ಎಂದಳು ಕೊನೆಗೆ. "ಉಳಿದ ಮೈಯೆಲ್ಲಾ ನಂದ ಐತಲ್ಲ. ಒಂದ ಗಲ್ಲ ಅವರಿಗೆ ಬಿಟ್ಟೆ ಅಂತ ತಿಳಿ."

ಹಬ್ಬದ ದಿನ ಮೇಡಮ್ಮ ಕೊಡೆ ಊರಿದರು. ಬನಿಯ ಕಿವಿಯ ಬಳಿಗೂ ಅದು ಬರಲಿಲ್ಲ. ನಾನು ಕೈಮುಗಿದು, ಕಲಿತಿದ್ದ ನಾಲ್ಕು ಇಂಗ್ಲಿಷ್ ಮಾತುಗಳನ್ನು ಒಪ್ಪವಾಗಿ ಹೇಳಿದೆ: ಇವಳು ಈಗ ಮಗು ಅಲ್ಲ, ಹೊರಗೆ ಹೋಗುತ್ತಾಳೆ. ಮೇಡಮ್ಮ ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ. ಬನಿಯ ಗದ್ದ ಹಿಡಿದು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಕಣ್ಣಲ್ಲಿ ನೀರು ತಂದುಕೊಂಡರು.

"ಒಂದೇ ಮುಖದಲ್ಲಿ ಕೂಸು, ಹೆಣ್ಣು!" ಎಂದರು. "ಇಂಥದ್ದು ಚಿಕಾಗೊದಲ್ಲಿಯೂ ಇರಲಿಲ್ಲ. ತಾಯಿ, ಇವಳು ಮಗು ಅಲ್ಲ, ನಿಜ. ಮಗು ಎಂಬ ಬೋರ್ಡು ತೆಗೆಸುತ್ತೇನೆ."

ತೆಗೆಸಿದರು. ಅದರ ಜಾಗದಲ್ಲಿ ಅವಳೊಬ್ಬಳಿಗೇ ದೊಡ್ಡದೊಂದು ಬೋರ್ಡು ಬಂತು. ನಮ್ಮ ಮನೆ ಮುಂದೆ ಬಡಗಿಗಳು ಎತ್ತರದ ಕಟ್ಟೆ ಹಾಕಿದರು, ಮೇಲೆ ವಿದ್ಯುದ್ದೀಪದ ಸಾಲು. ಚಿತ್ರ ತೆಗೆಯುವವನು ಬಂದು ಬನಿಯನ್ನು ಒಮ್ಮೆ ಇಳಕಲ್ ಸೀರೆಯಲ್ಲಿ, ಒಮ್ಮೆ ಅವರ ಉದ್ದ ಲಂಗ, ಜಾಲರಿ ಇಳಿಬಿಟ್ಟ ಟೋಪಿಯಲ್ಲಿ ನಿಲ್ಲಿಸಿ ಚಿತ್ರ ತೆಗೆದ. ಆ ಲಂಗ, ಟೋಪಿಯನ್ನು ಮೇಡಮ್ಮ ಅವಳಿಗೇ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ಎರಡು ವಾರದಲ್ಲಿ ಕಟ್ಟೆಯ ಪ್ರದರ್ಶನ ಶುರು ಎಂದು ಸಾರಿದರು. ಆ ದೀಪಗಳ ಕೆಳಗೆ ನಾಲ್ಕೂ ದಿಕ್ಕಿನಿಂದ ನೋಡಿದರೆ ಅವಳ ಮೈಯ ಯಾವ ಚೂರು ತಾನೇ ಉಳಿಯುತ್ತದೆ?

ನಾನು ಕೇರಿಯವರ ಬಳಿಗೆ ಹೋದೆ. ಎಲ್ಲರೂ ಸೇರಿ ಕೇಳಿದರೆ ಮೇಡಮ್ಮ ಇಲ್ಲ ಅನ್ನಲಾರರು ಎಂದು ನಂಬಿದ್ದೆ. ಲಗಮವ್ವ ಗಡಿಗೆ ಮಾಡುವ ತಿಗರಿಯ ಮುಂದೆ ಕೂತಿದ್ದಳು. ಅವಳ ಮುಂದಿನ ಗೋಡೆಯ ಬಿರುಕು ಕೂಡಿಕೊಂಡಿತ್ತು. ನಮ್ಮ ಹಗ್ಗಕ್ಕೆ ಬಂದ ಜನ ಅವಳ ಮನೆಯನ್ನೂ ನೋಡಿಕೊಂಡೇ ಹೋಗುತ್ತಿದ್ದರು.

"ರಾಚವ್ವಾ, ಸಿಟ್ಟಾಗಬ್ಯಾಡ," ಎಂದಳು ಮುಖ ಎತ್ತದೆ. "ನಿನ್ನ ಮಗಳು ಹ್ವಾದ್ರ ಈ ಜನಾನೂ ಹೋಕ್ಕೈತಿ. ಜನ ಹ್ವಾದ್ರ ಗ್ವಾಡಿ ಬೀಳತಾವ. ಗ್ವಾಡಿ ಬಿದ್ದ ಮ್ಯಾಲ ನಾವು ಎಲ್ಲಿಗೆ ಹೋಗೂಣು? ಅಜ್ಜಂದಿರ ಊರ ಹೆಸರರ ನೆನಪೈತೇನು ನಿನಗ?"

"ನಿನ್ನ ಸಕ್ರವ್ವ ಹೋಗಿಲ್ಲೇನ ಲಗಮವ್ವಾ?"

"ಅಕಿನ್ನ ನೋಡಾಕ ಯಾರೂ ಬರತಿದ್ದಿಲ್ಲಲ್ಲ," ಎಂದಳು ಲಗಮವ್ವ. "ಚಲೋ ಕೂಸಿನ್ನ ಹಡದಿ, ಅನುಭವಸು."

ಅವಳ ಮೊಮ್ಮಗನ ಕೆನ್ನೆಯ ಮೇಲೆ ನಾನೇ ಕೊಟ್ಟ ಮಸಿಯ ಬೊಟ್ಟು ಇತ್ತು. ತಿರುಗಿ ಬಂದೆ.

ಅತ್ತೆ ಎಲ್ಲವನ್ನೂ ಕೇಳುತ್ತ ಕೂತಿದ್ದರು. ರಾಟೆಯ ಮುಂದೆ ಅವರ ಮುಖ ಐವತ್ತರದು. ಒಳಗೆ ಎಷ್ಟಾಗಿತ್ತೋ ಅವರಿಗೂ ಲೆಕ್ಕವಿರಲಿಲ್ಲ. ನಮ್ಮ ಕೇರಿಯಲ್ಲಿ ಬದುಕು ಸಾಕಾದ ಹಿರಿಯರು ತಾವಾಗಿ ಹೇಳಿ ಹಿತ್ತಿಲಿಗೆ ಹೋಗಿ ಕೂರುವ ಪದ್ಧತಿ ಇದೆ. ಕಣ್ಣು ಬೀಳದ ಕಡೆ ಕೂತರೆ ಉಳಿದ ವಯಸ್ಸೆಲ್ಲ ಬೇಗ ಬೇಗ ಬಂದು ಸೇರಿಕೊಳ್ಳುತ್ತದೆ. "ನನ್ನ ಹಿಂದಕ್ಕ ಕುಂದ್ರಸು ರಾಚೀ," ಎಂದರು ಅತ್ತೆ. "ಕಪ್ಪ ಹಚ್ಚು ಅಂದಾಕಿ ನಾನು. ಆ ಕೂಸಿನ ಆ ಕಟ್ಟಿ ಮ್ಯಾಲ ನೋಡಾಕ ನಾ ಇರಂಗಿಲ್ಲ." ನಾನೂ ಯಜಮಾನರೂ ಎತ್ತಿಕೊಂಡು ಹೋಗಿ ಹಿತ್ತಿಲಿನ ಮಗ್ಗದ ಪಕ್ಕ ಕೂರಿಸಿದೆವು. ವಾರದೊಳಗೆ ಹೋದರು. ಹೋಗುವ ಮುಂಚೆ ನನ್ನ ಕೈ ಹಿಡಿದು ಇಷ್ಟೇ ಹೇಳಿದರು: "ಕಪ್ಪ ಸುಳ್ಳಲ್ಲ ತಂಗೀ. ಹಚ್ಚಬೇಕಾದವರಿಗೆ ಹಚ್ಚಲಿಲ್ಲ ನಾವು."

ಕಟ್ಟೆಯ ಪ್ರದರ್ಶನ ಶುರುವಾಗುವ ಬೆಳಿಗ್ಗೆ ಜನ ನಮ್ಮ ಹಗ್ಗದಾಚೆ ಜಾತ್ರೆಯಂತೆ ಕೂಡಿದ್ದರು. ನಾನು ಬನಿಗೆ ತಲೆ ಬಾಚಿದೆ. ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಿದೆ, ಮೇಡಮ್ಮ ಕೊಟ್ಟ ಲಂಗ ತೊಡಿಸಿದೆ, ಜಾಲರಿಯನ್ನು ಬಲಗೆನ್ನೆಯ ಮೇಲೆ ಎಳೆದು ಪಿನ್ನು ಹಾಕಿದೆ.

"ಒಳಗ ಬರೋರಿಗೆ ಟಿಕೆಟ್ ಕೇಳ್ತಾರ," ಎಂದೆ. "ಆ ಬಟ್ಟಿಯೊಳಗ ಹೊರಗ ಹೋಗೋರನ್ನ ಯಾರೂ ಕೇಳಂಗಿಲ್ಲ. ಸಕ್ರವ್ವ ಲಾಂಡ್ರಿ ಮುಂದ ನಿಂತಿರತಾಳ. ತಿರುಗಿ ನೋಡಬ್ಯಾಡ."

"ಎಲ್ಲಾರೂ ಬಾಗಲಾ ನೋಡ್ಕೋತ ನಿಂತಾರಲ್ಲವ್ವಾ. ಹೆಂಗ ದಾಟ್ಲಿ?"

"ಅವರು ನನ್ನ ನೋಡ್ತಾರ."

ತಾಮ್ರದ ತಟ್ಟೆ ಎಳೆದುಕೊಂಡು ಕೂತೆ. ಎರಡು ಕೆನ್ನೆಗೆ, ಹಣೆಗೆ, ಗದ್ದಕ್ಕೆ, ಮೂಗಿನ ತುದಿಗೆ, ರೆಪ್ಪೆಯ ಮೇಲೆ, ಮುಖದಲ್ಲಿ ಎಷ್ಟು ಜಾಗವಿತ್ತೋ ಅಷ್ಟು ಬೊಟ್ಟು ಇಟ್ಟುಕೊಂಡೆ. ಯಜಮಾನರು ಹಿತ್ತಿಲಿನ ಮಗ್ಗದಿಂದ ನೋಡುತ್ತಿದ್ದರು. "ನಿನ್ನ ಮಾರಿ ಮತ್ತ ನನಗ ನೋಡಾಕ ಸಿಗಂಗಿಲ್ಲಲ್ಲೇ," ಎಂದರು. "ಬೆನ್ನು ನಿಮಗ ಇರ್ಲಿ ಬಿಡ್ರಿ," ಎಂದೆ. ಇಬ್ಬರೂ ನಕ್ಕೆವು. ಬನಿ ನನ್ನನ್ನು ತಬ್ಬಿಕೊಳ್ಳಲು ಬಂದಳು; ಲಂಗಕ್ಕೆ ಮಸಿ ತಾಗೀತು ಎಂದು ಬೇಡವೆಂದೆ.

ಬಾಗಿಲು ತೆರೆದು ಕಟ್ಟೆ ಹತ್ತಿದೆ. ಯಾರೋ ನಕ್ಕರು, ಇನ್ಯಾರೋ ಸೀಟಿ ಹೊಡೆದರು. ಬನಿಗೆ ಹಾಡುತ್ತಿದ್ದ ಜೋಗುಳವನ್ನೇ ಗಟ್ಟಿಯಾಗಿ ಹಾಡುತ್ತ, ಮೊರವನ್ನು ತಲೆಯ ಮೇಲೆ ಎತ್ತಿ ತಿರುಗಿಸುತ್ತ, ಮಂಡಿನೋವು ಮರೆತು ಕುಣಿದೆ. ಅಷ್ಟು ಕಣ್ಣು ಒಟ್ಟಿಗೆ ಮುಖಕ್ಕೆ ಬಿದ್ದದ್ದು ಸುಣ್ಣದ ನೀರು ಎರಚಿದಂತಿತ್ತು. ಅವುಗಳ ಹಿಂದೆ, ದೂರದಲ್ಲಿ, ಒಂದು ಟೋಪಿ ಜನರ ಟೋಪಿಗಳ ನಡುವೆ ಗೇಟಿನ ಕಡೆಗೆ ಹೋಗುವುದು ಕಂಡಿತು. ಹೇಳಿದ ಮಾತು ಕೇಳುವ ಮಗಳು. ತಿರುಗಿ ನೋಡಲಿಲ್ಲ.

ಸಂಜೆ ಮೇಡಮ್ಮ ಬನಿಯನ್ನು ಕೇಳಿದರು, ಹುಡುಕಿಸಿದರು, ಸಿಗಲಿಲ್ಲ. ಸಿಟ್ಟಾಗುತ್ತಾರೆ ಎಂದುಕೊಂಡೆ. ಆದರೆ ಮರುದಿನ ಜನ ಇನ್ನೂ ಹೆಚ್ಚು ಬಂದರು, ಮೊರದ ಹೆಂಗಸು ಎಲ್ಲಿ ಎಂದು ಕೇಳುತ್ತ. ಮೇಡಮ್ಮ ಬೋರ್ಡು ಬದಲಿಸಿದರು. ಕೇರಿಯ ಗೋಡೆಗಳು ಉಳಿದವು. ಲಗಮವ್ವ ಒಂದು ದಿನ ಹೊಸ ಗಡಿಗೆ ತಂದು ಬಾಗಿಲಲ್ಲಿಟ್ಟು ಹೋದಳು. ಅದನ್ನು ಹಿತ್ತಿಲಿಗೆ ಒಯ್ದು ಮೊಸರಿಗೆ ಇಟ್ಟೆ.

ಎಷ್ಟು ಕಾಲವಾಯಿತೋ. ಮೇಡಮ್ಮ ಹೊರಗಿನವರು, ಅವರಿಗೆ ವಯಸ್ಸಾಗಿ ಹೋದರು. ಇನ್ನೊಬ್ಬ ಮೇಡಮ್ಮ ಬಂದು ಅದೇ ಮಾತುಗಳನ್ನು ಅದೇ ಜಾಗದಲ್ಲಿ ಹೇಳುತ್ತಾರೆ, ಚಿಕಾಗೊ, ಸೇಂಟ್ ಲೂಯಿಸ್, ಬಫಲೊ. ಯಜಮಾನರು ಒಂದು ಭಾನುವಾರ ಹಿತ್ತಿಲಿಗೆ ಹೋಗಿ ಕೂತರು. ಮುಂದಿನ ಮಗ್ಗದ ಗೇಣುದ್ದ ಬಟ್ಟೆ ಅಲ್ಲೇ ಇದೆ. ಸಕ್ರವ್ವನೂ ಯಾವುದೋ ಊರಿಗೆ ಹೋದ ಮೇಲೆ ಬನಿಯ ಸುದ್ದಿ ಬರುವುದು ನಿಂತುಹೋಯಿತು.

ಮೊನ್ನೆ ಮಧ್ಯಾಹ್ನ ಬೇಳೆ ಬೇಯಿಸುತ್ತ ಕೂತಿದ್ದೆ. ಹಗ್ಗದ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ, ಹಳೆಯ ಕಾಲದ ಟೋಪಿ, ಜಾಲರಿ. ಕೈಯಲ್ಲಿ ಪುಟ್ಟ ಹುಡುಗಿಯೊಬ್ಬಳು. ಮುದುಕಿ ತಲೆ ತಗ್ಗಿಸಿ ನನ್ನ ಬೇಳೆಯ ಗಡಿಗೆಯನ್ನೇ ನೋಡುತ್ತಿದ್ದಳು. ಗಾಳಿಗೆ ಜಾಲರಿ ಅಲುಗಿತು. ಸುಕ್ಕುಸುಕ್ಕಾದ ಮುಖದಲ್ಲಿ ಒಂದು ಕಡೆ ಮಾತ್ರ ಬೆಣ್ಣೆಯ ಉಂಡೆಯಂಥ ಕೆನ್ನೆ.

ಕೈಯಲ್ಲಿದ್ದ ಸೌಟು ನಿಂತಿತು. ಬನಿ ಗಡಿಗೆಯಿಂದ ಕಣ್ಣು ತೆಗೆದು ಒಲೆ ನೋಡಿದಳು, ಮೊರ ನೋಡಿದಳು, ಅಪ್ಪನಿಲ್ಲದ ಮಗ್ಗವನ್ನು ನೋಡಿದಳು. ನನ್ನೊಬ್ಬಳನ್ನು ಬಿಟ್ಟು ಎಲ್ಲವನ್ನೂ ನೋಡಿದಳು. ಟಿಕೆಟ್ ಕೊಂಡು ಬಂದಿದ್ದಳಲ್ಲ. ಆಮೇಲೆ ಪಕ್ಕದ ಹುಡುಗಿಗೆ ಹೇಳುವವಳಂತೆ ಬಾಗಿ, ನಮ್ಮ ಮಾತಿನಲ್ಲಿ ಹೇಳಿದಳು: "ಹಲ್ಲೆಲ್ಲಾ ಬಿದ್ದಾವ. ಕೂದಲಾ ಬೆಳ್ಳಗಾಗ್ಯಾವ. ನಾಕು ಮಂದಿ ಮೊಮ್ಮಕ್ಕಳು. ಜಾಲರಿ ಹಾಕ್ಕೊಂಡ ಅಡ್ಡಾಡತೀನಿ, ಚಲೋ ಅದೀನಿ."

"ಏನಂದಿರಿ ಅಜ್ಜಿ?" ಎಂದು ಹುಡುಗಿ ಅವರ ಭಾಷೆಯಲ್ಲಿ ಕೇಳಿತು.

ನಾನು ಸೌಟು ತಿರುಗಿಸುತ್ತ ಗಡಿಗೆಗೆ ಹೇಳಿದೆ: "ಅಪ್ಪ ಹಿಂದಕ್ಕ ಹೋಗಿ ಕುಂತ. ನಿನ್ನ ಹೆಸರ ಹೇಳಕೋತ ಹ್ವಾದ." ಸೌಟನ್ನು ಗಡಿಗೆಯ ಅಂಚಿಗೆ ತಟ್ಟಿ, "ಉಂಡೇನವ್ವಾ?" ಎಂದೆ.

"ಬೇಳೆಯ ಜೊತೆ ಮಾತಾಡುತ್ತಾಳೆ!" ಎಂದು ಯಾರೋ ನಕ್ಕರು. ಬನಿಯ ಹೆಗಲು ಅಲುಗಿತು. ಪುಟ್ಟ ಹುಡುಗಿ ನನ್ನ ಮುಖದ ಬೊಟ್ಟುಗಳನ್ನು ನೋಡಲು ಕತ್ತೆತ್ತಿತು. ಬನಿ ತಟ್ಟನೆ ಅದರ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. "ಬ್ಯಾಡ. ಅಲ್ಲಿ ನೋಡಬ್ಯಾಡ." ಹಾಗೆಯೇ ಕಣ್ಣು ಮುಚ್ಚಿಸಿಕೊಂಡೇ ಮಗುವನ್ನು ತಿರುಗಿಸಿ ನಡೆಸಿಕೊಂಡು ಹೋದಳು. ಅವಳ ಬೆನ್ನು ನನ್ನ ಬೆನ್ನಿನಷ್ಟೇ ಬಾಗಿತ್ತು.

ಒಳ್ಳೆಯ ಮಗಳು. ಅವರಲ್ಲೊಬ್ಬಳಾಗಲು ಒಪ್ಪಲಿಲ್ಲ. ಆದರೆ ಇಷ್ಟು ಕಣ್ಣುಗಳ ಜೊತೆಗೆ ಅವಳದೊಂದು ಸೇರಿದ್ದರೆ ನನಗೆ ಇನ್ನೇನು ಕೆಡುಕಾಗುತ್ತಿತ್ತು? ಒಮ್ಮೆ ನೋಡಿದ್ದರೆ ಆಗುತ್ತಿತ್ತು. ಅವಳ ನೋಟದಲ್ಲಾದರೆ ಎಷ್ಟು ಕಾಲ ಬೇಕಾದರೂ ನಿಂತೇನು.

ಆಗ ಕಣ್ಣಿನಿಂದ ಒಂದು ಹನಿ ಇಳಿದು ಕೆನ್ನೆಯ ಎರಡು ಬೊಟ್ಟುಗಳ ನಡುವೆ ನಿಂತಿತು. "ನೋಡಿ, ನೋಡಿ, ಅಳುತ್ತಿದ್ದಾಳೆ!" ಎಂದು ಹಿಂದಿನವರು ಮುಂದಕ್ಕೆ ನುಗ್ಗಿದರು. ಮಕ್ಕಳನ್ನು ಹೆಗಲ ಮೇಲೆ ಎತ್ತಿ ತೋರಿಸಿದರು. ಗೇಟು ಮುಚ್ಚುವ ಗಂಟೆ ಹೊಡೆಯುವವರೆಗೂ ಅದನ್ನೇ ನೋಡಿದರು. ಜನರೆಲ್ಲ ಹೋದ ಮೇಲೆ ಒಲೆ ಆರಿಸಿ, ಗಡಿಗೆ ಇಳಿಸಿ, ಸೆರಗಿನಿಂದ ಆ ಹನಿಯನ್ನು ಒರೆಸಿಕೊಂಡೆ. ಹೋಗಲಿಲ್ಲ.